ಒಂದು ಕೊಡಲಿ, ಎರಡು ಲೆಕ್ಕ

ಮಕ್ಕಳೇ, ಆಟದಲ್ಲಿ ಗೆದ್ದವರಿಗೆ ಕಪ್ ಕೊಡುವುದನ್ನು ನೀವು ನೋಡಿದ್ದೀರಿ. ಕೊಡಲಿ ಕೊಡುವುದನ್ನು ಕೇಳಿದ್ದೀರಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಎಂಬ ಎರಡು ದೊಡ್ಡ ವಿಶ್ವವಿದ್ಯಾಲಯಗಳಿವೆ. ಇವುಗಳ ನಡುವಿನ ಫುಟ್‌ಬಾಲ್ ಪಂದ್ಯ 1892ರಲ್ಲೇ ಶುರುವಾಯಿತು. ಅದರ ಹೆಸರು ‘ಬಿಗ್ ಗೇಮ್’. 1899ರಲ್ಲಿ ಸ್ಟ್ಯಾನ್‌ಫರ್ಡ್ ಹುಡುಗರು ಮೆರೆಸಿದ ಕೊಡಲಿಯೊಂದನ್ನು ಬರ್ಕ್ಲಿಯವರು ಕದ್ದರು. 1930ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಅದನ್ನು ಮರಳಿ ಕದ್ದರು! ಕೊನೆಗೆ 1933ರಿಂದ, ಪಂದ್ಯ ಗೆದ್ದವರಿಗೇ ಕೊಡಲಿ ಎಂದು ರಾಜಿಯಾಯಿತು.

ನನ್ನ ಮಗಳು ಓದಿದ್ದು ಬರ್ಕ್ಲಿಯಲ್ಲಿ, ಅಳಿಯ ಸ್ಟ್ಯಾನ್‌ಫರ್ಡ್‌ನಲ್ಲಿ. ಅವರ ಮನೆಗೆ ಹೋಗಿ ಬಂದು ಈ ಆಟದ ಹುಚ್ಚು ನನಗೂ ಹಿಡಿಯಿತು. 2019ರ ನವೆಂಬರ್ 23ರಂದು ಸ್ಟ್ಯಾನ್‌ಫರ್ಡ್ ಕ್ರೀಡಾಂಗಣದಲ್ಲಿ ಗಂಡ ಹೆಂಡತಿಯ ನಡುವೆ ನಾನೂ ಮೊಮ್ಮಗನೂ ಕುಳಿತಿದ್ದೆವು. ಒಂಬತ್ತು ವರ್ಷ ಸತತವಾಗಿ ಸೋತಿದ್ದ ಬರ್ಕ್ಲಿ ಅಂದು 24–20ರಿಂದ ಗೆದ್ದಿತು. ಕೊಡಲಿ ಕೈ ಬದಲಾಯಿಸಿತು. ಮಗಳು ಕುಣಿದಳು, ಅಳಿಯ ಸುಮ್ಮನೆ ಟೋಪಿ ತೆಗೆದ.

“ಇನ್ನು ಫಲಕದ ಅಂಕವೂ ಬದಲಾಗುತ್ತದೆ ತಾತ” ಎಂದ ಮೊಮ್ಮಗ.

ಏನದು ಎಂದು ಕೇಳಿದೆ. ಮನೆಗೆ ಬಂದ ಮೇಲೆ 1982ರ ನವೆಂಬರ್ 20ರ ಪಂದ್ಯದ ವಿಡಿಯೊ ತೋರಿಸಿದ. ಆಟ ಮುಗಿಯಲು ನಾಲ್ಕೇ ಸೆಕೆಂಡು. ಸ್ಟ್ಯಾನ್‌ಫರ್ಡ್ 20, ಬರ್ಕ್ಲಿ 19. ಸ್ಟ್ಯಾನ್‌ಫರ್ಡ್ ಚೆಂಡನ್ನು ಒದ್ದಿತು. ಅಲ್ಲಿಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಕಬಡ್ಡಿಯಂತೆ ಹಿಡಿದು ಕೆಡವಿದರೆ ಆ ಓಟ ಮುಗಿಯಿತು. ಬೀಳುವ ಮೊದಲು ಹಿಂದಿರುವವನಿಗೆ ಎಸೆಯಬಹುದು. ಬರ್ಕ್ಲಿ ಹುಡುಗರು ಹೀಗೆ ಐದು ಸಲ ಎಸೆದರು. ಅಷ್ಟರಲ್ಲಿ ಆಟ ಮುಗಿಯಿತೆಂದುಕೊಂಡು ಸ್ಟ್ಯಾನ್‌ಫರ್ಡ್‌ನ ಬ್ಯಾಂಡಿನವರು ಮೈದಾನಕ್ಕೆ ನುಗ್ಗಿದ್ದರು! ಕೊನೆಯಲ್ಲಿ ಚೆಂಡು ಹಿಡಿದ ಕೆವಿನ್ ಮೋಯೆನ್ ವಾದ್ಯದವರ ನಡುವೆಯೇ ಓಡಿ, ಗೆರೆ ದಾಟಿ, ಟ್ರಾಂಬೋನ್ ಹಿಡಿದವನೊಬ್ಬನಿಗೆ ಡಿಕ್ಕಿ ಹೊಡೆದ. ರೆಫರಿಗಳು ಸೇರಿ ಚರ್ಚಿಸಿ ಆರು ಅಂಕ ಕೊಟ್ಟರು. 19ಕ್ಕೆ 6 ಸೇರಿ 25.

ನಡುವೆ ಒಬ್ಬನ ಮೊಣಕಾಲು ನೆಲಕ್ಕೆ ತಾಗಿತ್ತು ಎಂಬುದು ಸ್ಟ್ಯಾನ್‌ಫರ್ಡ್‌ನವರ ತಕರಾರು. ಅದಕ್ಕೇ ಕೊಡಲಿ ತಮ್ಮಲ್ಲಿದ್ದಾಗ ಅದರ ಫಲಕದಲ್ಲಿ ಆ ಪಂದ್ಯದ ಅಂಕವನ್ನು 20–19 ಎಂದು ಬದಲಾಯಿಸುತ್ತಾರೆ. ಬರ್ಕ್ಲಿಗೆ ಬಂದೊಡನೆ ಮತ್ತೆ 25–20!

ಬ್ಯಾಂಕಿನಲ್ಲಿ ಸಂಜೆ ಹತ್ತು ಪೈಸೆ ವ್ಯತ್ಯಾಸ ಬಂದರೂ ಟ್ಯಾಲಿ ಆಗುವ ತನಕ ನಾವು ಮನೆಗೆ ಹೋಗುವಂತಿರಲಿಲ್ಲ. ಇಲ್ಲಿ ಒಂದೇ ಖಾತೆಗೆ ಎರಡು ಬಾಕಿ.

“ತಾತ, ಯಾವುದು ಸರಿ?”

“ರೆಫರಿ ಬರೆದದ್ದು 25–20. ದಾಖಲೆಯಲ್ಲಿರುವುದೂ ಅದೇ. ನಿಮ್ಮಪ್ಪನದು ನೋವಿನ ಲೆಕ್ಕ” ಎಂದೆ. ಅಳಿಯ ನಕ್ಕ. ಮಗಳು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಒಂದಡಿ ಬೇಲಿಯ ಲೆಕ್ಕ ಕೂಡಿಬರಲಿಲ್ಲವೆಂದು ಮೂವತ್ತು ವರ್ಷ ಮಾತು ಬಿಟ್ಟ ಅಣ್ಣ ತಮ್ಮಂದಿರನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಅಣ್ಣ ತೀರಿಕೊಂಡ ದಿನ ತಮ್ಮ ಬಂದ. ಒಳಗೆ ಹೋಗಲು ಕಾಲು ಬಾರದೆ ಹೊಸಿಲಾಚೆಯೇ ನಿಂತಿದ್ದ. ಈ ವಿಶ್ವವಿದ್ಯಾಲಯದವರು ಫಲಕ ತಿದ್ದುತ್ತಾರೆ, ಮೂದಲಿಸುತ್ತಾರೆ. ಆದರೆ ಸೋತ ವರ್ಷ ಕೊಡಲಿಯನ್ನು ಒಪ್ಪಿಸುತ್ತಾರೆ, ಮರುವರ್ಷ ಆಡಲು ಬರುತ್ತಾರೆ. ಕೆಲವು ಲೆಕ್ಕಗಳು ಟ್ಯಾಲಿ ಆಗುವುದೇ ಇಲ್ಲ. ಹಾಗೆಂದು ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಇಂಥದೊಂದು ಹಳೆಯ ಪಂದ್ಯವಿರಬಹುದು. ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ!