ಸೇವಾಲಾಲ್ ಜಾತ್ರೆಯಲ್ಲಿ ಎರಡು ಕ್ಯಾಮೆರಾ

ಒಂದು ಕ್ಯಾಮೆರಾದ ತಾಕತ್ತು ತಿಳಿಯಬೇಕಾದರೆ ಅದನ್ನು ಫೆಬ್ರುವರಿ ನಡುವಿನಲ್ಲಿ ಸೂರಗೊಂಡನಕೊಪ್ಪಕ್ಕೆ ಕೊಂಡೊಯ್ಯಬೇಕು. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು, ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಈ ಊರು ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಸಮುದಾಯದವರ ಬಾಯಲ್ಲಿ ಭಾಯಾಗಡ್. 1739ರ ಫೆಬ್ರುವರಿ 15 ಅವರು ಹುಟ್ಟಿದ ದಿನವೆಂದು ಜಯಂತಿ ನಡೆಯುತ್ತದೆ. ಮಾಲೆ ಧರಿಸಿದವರು ದೂರದ ತಾಂಡಾಗಳಿಂದ ನಡೆದು ಬರುತ್ತಾರೆ. ಭೋಗ್ ಎಂಬ ಹೋಮದ ಬೆಂಕಿ ಉರಿಯುತ್ತದೆ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ ತೊಟ್ಟ ಹೆಂಗಸರು ಸುತ್ತುಗಟ್ಟಿ ಕುಣಿಯುತ್ತಾರೆ. ಕಡುಗೆಂಪು ಬಟ್ಟೆ, ಅದರ ಮೇಲೆ ಹೊಲಿದ ನೂರಾರು ಕನ್ನಡಿ ಚೂರು, ಹಗಲಲ್ಲಿ ಬಿಸಿಲು, ರಾತ್ರಿ ಎಲ್ಇಡಿ ದೀಪ, ಒಂದು ಕ್ಷಣವೂ ನಿಲ್ಲದ ಚಲನೆ. ಫೋಟೊ ತೆಗೆಯುವವರಿಗೆ ಕಷ್ಟ ಕೊಡುವುದೆಲ್ಲ ಇಲ್ಲಿ ಒಂದೇ ಕಡೆ ಸೇರಿದೆ.

ಹಾಗಾಗಿ ಸಣ್ಣ ಊರಿನ ಸ್ಟುಡಿಯೊ ನಡೆಸುವವರನ್ನು ಕಾಡುವ ಪ್ರಶ್ನೆಯೊಂದನ್ನು ಈ ಜಾತ್ರೆಯನ್ನೇ ಎದುರಿಗಿಟ್ಟುಕೊಂಡು ನೋಡಬಹುದು. ಹದಿನೈದು ವರ್ಷದಿಂದ ಕೈಯಲ್ಲಿರುವ ಕ್ಯಾಮೆರಾ ಸಾಲದೇ? ಹೊಸದು ಕೊಂಡರೆ ನಿಜವಾಗಿ ಏನು ಬದಲಾಗುತ್ತದೆ? ಹೋಲಿಕೆಗೆ ಒಂದೇ ಕಂಪನಿಯ ಎರಡು ಕ್ಯಾಮೆರಾ ತೆಗೆದುಕೊಳ್ಳೋಣ. ಒಂದು 2008ರಲ್ಲಿ ಬಂದ ನಿಕಾನ್ ಡಿ90. ಮದುವೆ ಫೋಟೊಗ್ರಫಿ ರೋಲ್ ಬಿಟ್ಟು ಡಿಜಿಟಲ್‌ಗೆ ತಿರುಗಿದ್ದ ಕಾಲದ, ಮಧ್ಯಮ ಬೆಲೆಯ ಕ್ಯಾಮೆರಾ. ಇನ್ನೊಂದು 2020ರಲ್ಲಿ ಬಂದ ನಿಕಾನ್ ಝಡ್ 6 ಎರಡನೇ ಆವೃತ್ತಿ (ಮುಂದೆ ಬರೀ ಝಡ್ 6). ಬಿಡುಗಡೆಯಾದಾಗ ಲೆನ್ಸ್ ಇಲ್ಲದ ಅದರ ಬಾಡಿಯೊಂದಕ್ಕೇ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯಿತ್ತು. ನಡುವಿನ ಅಂತರ ಹನ್ನೆರಡು ವರ್ಷ. ಬ್ಯಾಟರಿ ಹಾಕಿ ತೂಗಿದರೆ ಎರಡೂ ಹೆಚ್ಚುಕಡಿಮೆ 700 ಗ್ರಾಂ. ವ್ಯತ್ಯಾಸವೆಲ್ಲ ಒಳಗಿದೆ.

ಅಂಗಡಿಯಲ್ಲಿ ಮೊದಲು ಹೇಳುವುದು ಮೆಗಾಪಿಕ್ಸೆಲ್. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟುವ ಒಂದೊಂದು ಬಣ್ಣದ ಚುಕ್ಕಿ. ಹತ್ತು ಲಕ್ಷ ಚುಕ್ಕಿಗೆ ಒಂದು ಮೆಗಾಪಿಕ್ಸೆಲ್. ಹಳೆಯದರಲ್ಲಿ 12.3, ಹೊಸದರಲ್ಲಿ 24.5. ನೇರ ಎರಡು ಪಟ್ಟು. ಆದರೆ ಈ ಚುಕ್ಕಿಗಳು ಅಗಲಕ್ಕೂ ಎತ್ತರಕ್ಕೂ ಹಂಚಿಹೋಗುತ್ತವೆ. ಅಗಲವೊಂದನ್ನೇ ನೋಡಿದರೆ ಹಳೆಯದರಲ್ಲಿ 4,288 ಚುಕ್ಕಿ, ಹೊಸದರಲ್ಲಿ 6,048. ಹೆಚ್ಚಿದ್ದು ಶೇ 41 ಮಾತ್ರ. ಕರಿಜ್ಮಾ ಆಲ್ಬಂನ 12 ಇಂಚು ಎತ್ತರ, 18 ಇಂಚು ಅಗಲದ ಪುಟ ತುಂಬಲು ಇಂಚಿಗೆ 200 ಚುಕ್ಕಿಯಂತೆ ಲೆಕ್ಕ ಹಾಕಿದರೆ 8.6 ಮೆಗಾಪಿಕ್ಸೆಲ್ ಸಾಕು. ಅಷ್ಟು ಡಿ90ಯಲ್ಲೇ ಇದೆ. ಇನ್ನು ಮೊಬೈಲ್ ಪರದೆಯಲ್ಲಿ ಒಟ್ಟು ಇರುವುದೇ ಎರಡೂವರೆ ಮೆಗಾಪಿಕ್ಸೆಲ್ ಆಸುಪಾಸು. ಹಗಲಿನಲ್ಲಿ ತೆಗೆದ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಯಾವ ಕ್ಯಾಮೆರಾದ್ದೆಂದು ಹೇಳಬಲ್ಲವರು ಯಾರೂ ಸಿಗಲಿಕ್ಕಿಲ್ಲ.

ಸೂರ್ಯ ಮುಳುಗಿದ ಮೇಲೆ ಕಥೆ ಬೇರೆ. ಅದೇಕೆಂದು ತಿಳಿಯಲು ಕ್ಯಾಮೆರಾದ ಕಣ್ಣಾದ ಸೆನ್ಸರ್ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು. ಬೆಳಕು ಸಣ್ಣ ಸಣ್ಣ ಕಣಗಳಾಗಿ ಬರುತ್ತದೆ. ವಿಜ್ಞಾನಿಗಳು ಅವನ್ನು ಫೋಟಾನ್ ಎನ್ನುತ್ತಾರೆ. ಸೆನ್ಸರ್‌ನ ಪ್ರತಿ ಪಿಕ್ಸೆಲ್ ತನ್ನ ಮೇಲೆ ಬಿದ್ದ ಕಣಗಳನ್ನು ಎಣಿಸುತ್ತದೆ, ಅಷ್ಟೇ. ಆದರೆ ಈ ಕಣಗಳು ಒಂದೇ ಸಮನೆ ಬೀಳುವುದಿಲ್ಲ. ಒಂದೇ ಬಣ್ಣದ ಗೋಡೆಯ ಚಿತ್ರ ತೆಗೆದರೂ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಎಣಿಕೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ಎಷ್ಟು ಹೆಚ್ಚುಕಡಿಮೆ ಎನ್ನುವುದಕ್ಕೆ ಒಂದು ನಿಯಮವಿದೆ: ಎಣಿಕೆಯ ವರ್ಗಮೂಲದಷ್ಟು. ಹತ್ತು ಸಾವಿರ ಕಣ ಬಿದ್ದಲ್ಲಿ ಏರುಪೇರು ಸುಮಾರು ನೂರು, ಅಂದರೆ ಶೇ 1, ಕಣ್ಣಿಗೆ ಕಾಣದು. ಬರೀ ನೂರು ಕಣ ಬಿದ್ದಲ್ಲಿ ಏರುಪೇರು ಹತ್ತು, ಅಂದರೆ ಶೇ 10, ಎದ್ದು ಕಾಣುತ್ತದೆ. ಸ್ಟುಡಿಯೊದವರು 'ಫೋಟೊ ಗ್ರೇನ್ಸ್ ಬಂತು' ಎನ್ನುವುದು ಬಹುಮಟ್ಟಿಗೆ ಇದನ್ನೇ. ಅದು ಮುಖ್ಯವಾಗಿ ಯಂತ್ರದ ದೋಷವಲ್ಲ, ಬೆಳಕಿನ ಬಡತನ.

ಐಎಸ್ಒ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆಯೂ ಇಲ್ಲೇ ಬಗೆಹರಿಯುತ್ತದೆ. ಐಎಸ್ಒ ಏರಿಸಿದರೆ ಸೆನ್ಸರ್ ಹೆಚ್ಚು ಬೆಳಕು ಹಿಡಿಯುತ್ತದೆ ಎಂದು ಅನೇಕರು ಎಣಿಸಿದ್ದಾರೆ. ಹಾಗಿಲ್ಲ. ಬಿದ್ದಷ್ಟೇ ಬೆಳಕಿನ ಸಂಕೇತವನ್ನು ಅದು ದೊಡ್ಡದು ಮಾಡಿ ತೋರಿಸುತ್ತದೆ. ಚಿತ್ರದ ಜೊತೆಗೆ ಏರುಪೇರೂ ದೊಡ್ಡದಾಗುತ್ತದೆ.

ಹಾಗಾದರೆ ಹೊಸ ಕ್ಯಾಮೆರಾ ರಾತ್ರಿ ಗೆಲ್ಲುವುದು ಹೇಗೆ? ಮೊದಲ ಕಾರಣ ವಿಸ್ತೀರ್ಣ. ಡಿ90ಯ ಸೆನ್ಸರ್ 23.6 ಮಿಲಿಮೀಟರ್ ಅಗಲ, 15.8 ಮಿಲಿಮೀಟರ್ ಎತ್ತರ. ಝಡ್ 6ರದು ಹಳೆಯ ರೋಲ್‌ನ ಒಂದು ಚೌಕಟ್ಟಿನಷ್ಟು, ಸುಮಾರು 36ಕ್ಕೆ 24. ಇದನ್ನೇ ಫುಲ್ ಫ್ರೇಮ್ ಎನ್ನುತ್ತಾರೆ. ವಿಸ್ತೀರ್ಣ 2.3 ಪಟ್ಟು. ಒಂದೊಂದು ಪಿಕ್ಸೆಲ್‌ನ ಗಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂಬುದು ವಿಶೇಷ: ಹಳೆಯದರಲ್ಲಿ ಮಿಲಿಮೀಟರಿನ ಸಾವಿರದಲ್ಲಿ ಐದೂವರೆ ಭಾಗ, ಹೊಸದರಲ್ಲಿ ಆರಕ್ಕೆ ತುಸು ಕಡಿಮೆ. ಆದರೆ ಅದೇ ಮುಖವನ್ನು ಕಟ್ಟಲು ಹೊಸದರಲ್ಲಿ ಎರಡು ಪಟ್ಟು ಪಿಕ್ಸೆಲ್‌ಗಳು ದುಡಿಯುತ್ತವೆ. ಒಟ್ಟು ಹಿಡಿದ ಬೆಳಕು ಹೆಚ್ಚು, ಆದ್ದರಿಂದ ಒಂದೇ ಅಳತೆಗೆ ಪ್ರಿಂಟ್ ಹಾಕಿದಾಗ ಗ್ರೇನ್ಸ್ ಕಡಿಮೆ.

ಎರಡನೆಯ ಕಾರಣ ಸೆನ್ಸರ್‌ನ ಒಳರಚನೆ. ಪಿಕ್ಸೆಲ್‌ಗಳಿಂದ ಎಣಿಕೆಯನ್ನು ಹೊರತರಲು ಕೂದಲಿಗಿಂತ ಸಣ್ಣ ತಂತಿಗಳ ಜಾಲ ಬೇಕು. ಡಿ90ಯ ಕಾಲದಲ್ಲಿ ಆ ಜಾಲ ಪಿಕ್ಸೆಲ್‌ನ ಮುಂದುಗಡೆ, ಬೆಳಕು ಬರುವ ದಾರಿಯಲ್ಲೇ ಇರುತ್ತಿತ್ತು. ಸೋಗೆ ಚಪ್ಪರದ ಕೆಳಗೆ ಅಡಿಕೆ ಒಣಹಾಕಿದಂತೆ. ಸಂದಿನಲ್ಲಿ ಇಳಿದಷ್ಟೇ ಬಿಸಿಲು. ಹೊಸ ಸೆನ್ಸರ್‌ನಲ್ಲಿ ತಂತಿಗಳನ್ನು ಹಿಂಬದಿಗೆ ಸರಿಸಿ, ಬೆಳಕು ಹಿಡಿಯುವ ಪದರವನ್ನು ಮೇಲೆ ತಂದಿದ್ದಾರೆ. ಜೊತೆಗೆ ಎಣಿಕೆಯನ್ನು ಓದುವಾಗ ವಿದ್ಯುತ್ ಮಂಡಲವೇ ಬೆರೆಸುತ್ತಿದ್ದ ಗಲಿಬಿಲಿಯೂ ಇಳಿದಿದೆ. ಎಲ್ಲ ಸೇರಿ, ಆಲ್ಬಂಗೆ ಹಾಕಬಹುದಾದ ಚಿತ್ರ ಡಿ90ಯಲ್ಲಿ ಐಎಸ್ಒ 1600ರವರೆಗೆ ಸಿಕ್ಕರೆ ಝಡ್ 6ರಲ್ಲಿ 6400ರವರೆಗೆ ಸಿಗುತ್ತದೆ ಎನ್ನಬಹುದು. ಕಣ್ಣಿನ ಅಂದಾಜು ಇದು, ಪ್ರಯೋಗಾಲಯದ ಅಳತೆಯಲ್ಲ. ನಾಲ್ಕು ಪಟ್ಟು ಕಡಿಮೆ ಬೆಳಕಿನಲ್ಲೂ ಕೆಲಸ ನಡೆದೀತು ಎಂದು ಅದರ ಅರ್ಥ.

ಇನ್ನು ಕೆಂಪು. ಬಂಜಾರ ಹೆಂಗಸರ ಉಡುಪಿನ ಕೆಂಪನ್ನು ಸರಿಯಾಗಿ ಹಿಡಿಯಲು ಪಾಡುಪಟ್ಟವರಿಗೆ ಗೊತ್ತು: ಬಟ್ಟೆ ಒಂದೇ ಕೆಂಪು ಮುದ್ದೆಯಾಗಿ, ಕಸೂತಿಯ ಎಳೆ ಮಾಯವಾಗಿರುತ್ತದೆ. ಸೆನ್ಸರ್‌ನ ಪಿಕ್ಸೆಲ್‌ಗಳಿಗೆ ಬಣ್ಣ ಗೊತ್ತಿಲ್ಲ. ಅವುಗಳ ಮೇಲೆ ಬಣ್ಣದ ಶೋಧಕಗಳನ್ನು ಕೂರಿಸಿರುತ್ತಾರೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯೇ ಇಂದಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿದೆ: ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಹಳದಿ ಬಲ್ಬಿನ ಅಥವಾ ಬೆಂಕಿಯ ಬೆಳಕಿನಲ್ಲಿ ಕಡುಗೆಂಪು ಬಟ್ಟೆ ಎದುರಾದರೆ ಹಸಿರು, ನೀಲಿ ಪಿಕ್ಸೆಲ್‌ಗಳು ಖಾಲಿಯಿದ್ದಾಗಲೇ ಕೆಂಪು ಪಿಕ್ಸೆಲ್‌ಗಳು ತುಂಬಿಹೋಗುತ್ತವೆ. ತುಂಬಿದ ಮೇಲೆ ಎಷ್ಟು ಬೆಳಕು ಬಿದ್ದರೂ ಎಣಿಕೆ ಏರುವುದಿಲ್ಲ. ಮಡಿಕೆಗೂ ಎಳೆಗೂ ಇದ್ದ ವ್ಯತ್ಯಾಸ ಅಳಿಸಿಹೋಗುತ್ತದೆ. ಒಟ್ಟು ಬೆಳಕನ್ನು ಸರಾಸರಿ ನೋಡುವ ಮೀಟರ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ.

ಪರಿಹಾರ ಎರಡು ಕ್ಯಾಮೆರಾಗಳಿಗೂ ಒಂದೇ: ಬೇಕಾದುದಕ್ಕಿಂತ ಸ್ವಲ್ಪ ಕಪ್ಪಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಮೇಲೆತ್ತುವುದು. ಎತ್ತಿದಾಗ ಏನು ಸಿಗುತ್ತದೆ ಎಂಬುದರಲ್ಲಿ ಹಳತು, ಹೊಸತು ಬೇರೆಯಾಗುತ್ತವೆ. ಡಿ90ಯ ರಾ ಫೈಲ್, ಅಂದರೆ ಕ್ಯಾಮೆರಾ ಇನ್ನೂ ಬೇಯಿಸದ ಹಸಿ ಚಿತ್ರ, ಕಪ್ಪಿನಿಂದ ಬಿಳಿಯವರೆಗೆ 4,096 ಮೆಟ್ಟಿಲು ಇಟ್ಟುಕೊಂಡಿದೆ. ಝಡ್ 6ರದು 16,384. ಅದಕ್ಕಿಂತ ಮುಖ್ಯ, ಹೊಸದರ ನೆರಳಿನಲ್ಲಿ ಗಲಿಬಿಲಿ ಕಡಿಮೆ. ಹಳೆಯದರಲ್ಲಿ ನೆರಳನ್ನು ಹೆಚ್ಚು ಎತ್ತಿದರೆ ಮುಖದ ಮೇಲೆ ಬಣ್ಣ ಬಣ್ಣದ ಚುಕ್ಕಿ ಏಳುತ್ತದೆ. ಹೊಸದರಲ್ಲಿ ಕೆಂಪೂ ಉಳಿಯುತ್ತದೆ, ಮುಖವೂ ಉಳಿಯುತ್ತದೆ. ಇನ್ನೊಂದು ಅನುಕೂಲ, ಹೊಸದರ ವ್ಯೂಫೈಂಡರ್ ಒಂದು ಪುಟ್ಟ ವಿದ್ಯುತ್ ಪರದೆ. ಕೆಂಪು ಬರ್ನ್ ಆಗುವುದು ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ. ಡಿ90ಯಲ್ಲಿ ಗಾಜಿನ ಮೂಲಕ ನಿಜ ದೃಶ್ಯವನ್ನೇ ನೋಡುತ್ತೀರಿ. ಚಿತ್ರ ಹೇಗೆ ಬಂತೆಂದು ತೆಗೆದ ಮೇಲೆಯೇ ಗೊತ್ತು.

ಕನ್ನಡಿ ಚೂರುಗಳ ವಿಷಯಕ್ಕೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ. ಬಿಸಿಲು ನೇರ ಹೊಡೆದ ಕನ್ನಡಿ ಬೆಳ್ಳಗೆ ಉರಿದೇ ತೀರುತ್ತದೆ. ಉರಿಯಲಿ, ಅದೇ ಅದರ ಚೆಂದ. ಡಿ90ಯ ತಲೆಯ ಮೇಲಿನ ಫ್ಲ್ಯಾಶ್ ಹಾಕುವುದು ಮಾತ್ರ ಬೇಡ. ಅದು ಲೆನ್ಸ್‌ಗೆ ತೀರಾ ಹತ್ತಿರವಿರುವುದರಿಂದ ನಮ್ಮತ್ತ ತಿರುಗಿದ ಪ್ರತಿ ಕನ್ನಡಿಯೂ ಬೆಳಕನ್ನು ನೇರ ನಮಗೇ ವಾಪಸು ಕಳಿಸುತ್ತದೆ. ಝಡ್ 6ರಲ್ಲಿ ಒಳಗೇ ಕೂರಿಸಿದ ಫ್ಲ್ಯಾಶ್ ಇಲ್ಲ.

ಫೋಕಸ್‌ನಲ್ಲಿ ಆಗಿರುವ ಬದಲಾವಣೆ ನನ್ನ ಮಟ್ಟಿಗೆ ಬೆಳಕಿನದಕ್ಕಿಂತಲೂ ದೊಡ್ಡದು. ಡಿ90ಯೊಳಗೆ ಓರೆಯಾಗಿ ನಿಂತ ಕನ್ನಡಿಯಿದೆ. ಲೆನ್ಸ್‌ನಿಂದ ಬಂದ ಬೆಳಕಿನ ಒಂದು ಪಾಲು ಅದರ ಹಿಂದಿರುವ ಚಿಕ್ಕ ಕನ್ನಡಿಗೆ ಬಡಿದು, ಕೆಳಗಿರುವ ಫೋಕಸ್ ಘಟಕಕ್ಕೆ ಇಳಿಯುತ್ತದೆ. ಆ ಘಟಕ ನೋಡುವುದು ಹನ್ನೊಂದು ಬಿಂದುಗಳನ್ನು ಮಾತ್ರ. ಅದರಲ್ಲೂ ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸಬಲ್ಲದ್ದು ನಡುವಿನದೊಂದೇ. ಚಿತ್ರ ಮೂಡುವ ಜಾಗ ಒಂದು, ಫೋಕಸ್ ಅಳೆಯುವ ಜಾಗ ಇನ್ನೊಂದು. ಎರಡರ ನಡುವೆ ಕೂದಲೆಳೆಯಷ್ಟು ಹೊಂದಾಣಿಕೆ ತಪ್ಪಿದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ಝಡ್ 6 ಈ ಕನ್ನಡಿಯನ್ನೇ ತೆಗೆದುಹಾಕಿದೆ. ಮಿರರ್‌ಲೆಸ್ ಎನ್ನುವುದು ಅದಕ್ಕೇ. ಸೆನ್ಸರ್ ಮೇಲೆಯೇ 273 ಫೋಕಸ್ ಬಿಂದುಗಳು ಚೌಕಟ್ಟಿನ ಬಹುಭಾಗವನ್ನು ಆವರಿಸಿವೆ. ಅಳೆಯುವ ಜಾಗವೂ ಚಿತ್ರದ ಜಾಗವೂ ಒಂದೇ ಆದ್ದರಿಂದ ಆ ತಕರಾರು ಹುಟ್ಟುವುದಿಲ್ಲ. ಮುಖ, ಕಣ್ಣು ಗುರುತಿಸಿ ಬೆನ್ನು ಹತ್ತುವುದನ್ನೂ ಅದು ಕಲಿತಿದೆ. ಆದರೂ ಸುತ್ತು ಕುಣಿತದಲ್ಲಿ ಹತ್ತು ಮುಖ ಒಟ್ಟಿಗೆ ಬಂದಾಗ ಯಾರದು ಮುಖ್ಯ ಎಂದು ಅದಕ್ಕೆ ತಿಳಿಯದು. ಕೆನ್ನೆಯ ಪಕ್ಕ ತೂಗುವ ಘುಗ್ರಿ, ಟೋಪ್ಲಿ ಆಭರಣಗಳು ಕಣ್ಣಿಗೆ ಅಡ್ಡ ಬಂದರೆ ಅದು ದಾರಿ ತಪ್ಪುವುದೂ ಉಂಟು.

ಹೊಸದರಲ್ಲಿ ಸೆನ್ಸರನ್ನೇ ಅಲುಗಿಸಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯೂ ಇದೆ. ದೀಪ ಹಚ್ಚಿದ ದೇವಸ್ಥಾನವನ್ನು ಸ್ಟ್ಯಾಂಡ್ ಇಲ್ಲದೆ ತೆಗೆಯಲು ಅದು ವರ. ಕುಣಿತಕ್ಕೆ ಪ್ರಯೋಜನವಿಲ್ಲ, ಅಲ್ಲಿ ಅಲುಗುವುದು ನಮ್ಮ ಕೈಯಲ್ಲ, ಎದುರಿಗಿದ್ದವರು. ಇನ್ನು ವಿಡಿಯೊ. ಅದನ್ನು ತೆಗೆದ ಮೊದಲ ಎಸ್ಎಲ್ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಎಂಬ ಹೆಗ್ಗಳಿಕೆ ಡಿ90ಯದು. ಆದರೆ ಅದರಲ್ಲಿ ವಿಡಿಯೊ ನಡೆಯುವಾಗ ಆಟೊಫೋಕಸ್ ಇಲ್ಲ, ಈಗ ಅದು ಲೆಕ್ಕಕ್ಕೆ ಬಾರದು.

ಹೊಸತು ಹಿಂದೆ ಬಿದ್ದಿರುವ ಕಡೆಗಳೂ ಇವೆ. ಕಂಪನಿಗಳು ಪಾಲಿಸುವ ಅಳತೆಯ ಪ್ರಕಾರ ಡಿ90 ಒಂದು ಚಾರ್ಜಿಗೆ 850 ಚಿತ್ರ ತೆಗೆಯುತ್ತದೆ. ಝಡ್ 6 ವ್ಯೂಫೈಂಡರ್ ಬಳಸಿದರೆ 340. ಎರಡು ದಿನದ ಜಾತ್ರೆಯಲ್ಲಿ ಪ್ಲಗ್ ಪಾಯಿಂಟ್ ಹುಡುಕುವವರಿಗೆ ಇದು ಸಣ್ಣ ಮಾತಲ್ಲ. ಸದ್ದಿಲ್ಲದೆ ತೆಗೆಯುವ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು, ಅಗ್ಗದ ಎಲ್ಇಡಿ ದೀಪ ಸೆಕೆಂಡಿಗೆ ನೂರು ಬಾರಿ ಮಿಟುಕುತ್ತದೆ. ಓದುವ ವೇಗಕ್ಕೂ ಮಿಟುಕಿಗೂ ತಾಳೆಯಾಗದೆ ಚಿತ್ರದ ಮೇಲೆ ಪಟ್ಟೆಗಳು ಬೀಳುತ್ತವೆ. ವೇದಿಕೆಯೆದುರು ಆ ಶಟರ್ ಬಿಟ್ಟು ಮಾಮೂಲಿ ಶಟರ್ ಬಳಸುವುದೇ ಕ್ಷೇಮ.

ಹೊಸ ಬಾಡಿ ಕೊಳ್ಳಲು ದುಡ್ಡು ಹೊಂದಿಸುವ ಮುನ್ನ ಲೆನ್ಸ್‌ನ ಲೆಕ್ಕ ಹಾಕಬೇಕು. ಝಡ್ 6ರ ಜೊತೆ ಬರುವ 24–70 ಲೆನ್ಸ್‌ನಲ್ಲಿ ಬೆಳಕು ಒಳಬರುವ ಬಾಯಿ ಹೆಚ್ಚೆಂದರೆ ಎಫ್ 4ರಷ್ಟು ತೆರೆಯುತ್ತದೆ. ನಿಕಾನ್‌ನ ಹಳೆಯ 50 ಎಂಎಂ ಲೆನ್ಸ್‌ನದು ಎಫ್ 1.8, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎರಡರ ನಡುವೆ ಒಳಬರುವ ಬೆಳಕಿನ ವ್ಯತ್ಯಾಸ ಸುಮಾರು ಐದು ಪಟ್ಟು. ಹೊಸ ಬಾಡಿ ಕೊಟ್ಟ ನಾಲ್ಕು ಪಟ್ಟಿನ ಅನುಕೂಲವನ್ನು ಆ ಪುಟ್ಟ ಲೆನ್ಸ್ ಡಿ90ಯ ಮೇಲೆ ಕೂತು ತೀರಿಸಿಬಿಡುತ್ತದೆ. ಆದರೆ ಅದಕ್ಕೆ ಇತಿಮಿತಿಗಳೂ ಇವೆ: ಡಿ90ಯ ಚಿಕ್ಕ ಸೆನ್ಸರ್ ಮೇಲೆ ಅದರ ನೋಟ ಕಿರಿದಾಗುತ್ತದೆ, ನೂಕುನುಗ್ಗಲಿನಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ, ಒಬ್ಬರ ಕಣ್ಣು ಫೋಕಸ್‌ನಲ್ಲಿದ್ದರೆ ಪಕ್ಕದವರ ಮುಖ ಮಸುಕು. ಇನ್ನೊಂದು ತೊಡಕು, ಹೆಸರು ಡಿ ಎಂದು ಕೊನೆಯಾಗುವ ಆ ಹಳೆಯ ಲೆನ್ಸ್‌ಗಳನ್ನು ತಿರುಗಿಸುವ ಮೋಟಾರ್ ಡಿ90ಯ ಬಾಡಿಯಲ್ಲಿದೆ. ನಿಕಾನ್‌ನ ಅಡಾಪ್ಟರ್ ಹಾಕಿ ಝಡ್ 6ಕ್ಕೆ ಕೂರಿಸಿದರೆ ಫೋಕಸ್ ಕೈಯಿಂದಲೇ ಮಾಡಬೇಕು. ಹೊಸ ಬಾಡಿ ಕೊಂಡವರು ಲೆನ್ಸ್‌ಗಳನ್ನೂ ಹೊಸದಾಗಿ ಕೊಳ್ಳುವ ದಾರಿ ಹಿಡಿಯುವುದು ಹೀಗೆ.

ಪಾಸ್‌ಪೋರ್ಟ್ ಫೋಟೊ, ಶಾಲೆಯ ಗ್ರೂಪ್ ಫೋಟೊ, ಹಗಲಿನ ನಾಮಕರಣ, ಗೃಹಪ್ರವೇಶ ಇವೇ ಹೆಚ್ಚಿನ ಸಂಪಾದನೆಯಾದರೆ ಡಿ90ಯನ್ನು ಬದಲಿಸಲು ನನಗೆ ಕಾರಣ ಕಾಣುವುದಿಲ್ಲ. ರಾತ್ರಿಯ ಆರತಕ್ಷತೆ, ಜಾತ್ರೆ, ಕುಣಿತ ಇವೇ ಕಸುಬಾದರೆ ಹೊಸದರ ಫೋಕಸ್ ಮತ್ತು ನೆರಳಿನ ಶಕ್ತಿ ಹಾಕಿದ ದುಡ್ಡನ್ನು ದುಡಿದುಕೊಡುತ್ತವೆ. ಆಗಲೂ ತೀರಾ ಹೊಸದೇ ಬೇಕೆಂದಿಲ್ಲ. 2018ರ ಮೊದಲ ಝಡ್ 6ರಲ್ಲೂ 24.5 ಮೆಗಾಪಿಕ್ಸೆಲ್‌ನ ಇದೇ ಬಗೆಯ ಸೆನ್ಸರ್ ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುತ್ತದೆ. ಆದರೆ ಅದರಲ್ಲೂ ಡಿ90ಯಲ್ಲೂ ಒಂದೇ ಒಂದು ಮೆಮೊರಿ ಕಾರ್ಡಿಗೆ ಜಾಗ. ಎರಡನೇ ಆವೃತ್ತಿಯಲ್ಲಿ ಎರಡು ಕಾರ್ಡಿಗೆ ಜಾಗವಿದೆ, ಪ್ರತಿ ಚಿತ್ರವನ್ನೂ ಎರಡರಲ್ಲೂ ಬರೆಯಬಹುದು. ಕಾರ್ಡ್ ಕೈಕೊಟ್ಟರೆ ಧಾರೆಯನ್ನು ಮತ್ತೊಮ್ಮೆ ಎರೆಸಲಾಗದು. ಮದುವೆ ಒಪ್ಪಿಕೊಳ್ಳುವವರು ಕೇಳಿದರೆ, ಉಳಿದೆಲ್ಲ ಅನುಕೂಲಗಳಿಗಿಂತ ಮೊದಲು ಆ ಎರಡನೇ ಕಾರ್ಡಿನ ಜಾಗಕ್ಕಾಗಿಯೇ ಹೆಚ್ಚು ದುಡ್ಡು ಕೊಡಿ ಎನ್ನುತ್ತೇನೆ.