ನೀರಿಗೆ ದಾರಿ ಬಿಡುವ ಮನೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಾನು ಪುಣೆಯ ಆಫೀಸಿನಲ್ಲಿದ್ದೆ. ಬಾದಾಮಿ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ, ಅವ್ವ ಶಾಲೆಯ ಮಾಳಿಗೆ ಮೇಲೆ ಎರಡು ರಾತ್ರಿ ಕಳೆದರು. ಸುದ್ದಿ ನೋಡಿ ನನಗೆ ಮೊದಲು ಫೋನ್ ಮಾಡಿದವನು ಅಸ್ಸಾಮಿನ ಗೆಳೆಯ. ‘ನಿಮ್ಮ ಮನೆ ನೆಲದ ಮೇಲೇ ಇದೆಯಲ್ಲ, ಅದೇ ತೊಂದರೆ’ ಎಂದ. ಗುವಾಹಟಿಯಲ್ಲಿ ಎಂ.ಟೆಕ್ ಮಾಡುವಾಗ ಅವನು ನನ್ನ ರೂಮ್‌ಮೇಟ್. ಮಿಶಿಂಗ್ ಬುಡಕಟ್ಟಿನವನು. ಊರು, ಬ್ರಹ್ಮಪುತ್ರದ ನಡುವಿನ ಮಾಜುಲಿ ದ್ವೀಪ.

ಮಿಶಿಂಗರು ಅರುಣಾಚಲದ ಬೆಟ್ಟಗಳಿಂದ ಇಳಿದು ಬಂದು ನದಿ ದಂಡೆಯಲ್ಲಿ ನೆಲೆಸಿದವರು. 2011ರ ಜನಗಣತಿಯಂತೆ ಅಸ್ಸಾಮಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚಿದ್ದಾರೆ. ಅಲ್ಲಿ ಬೋಡೊಗಳನ್ನು ಬಿಟ್ಟರೆ ಇವರದೇ ದೊಡ್ಡ ಬುಡಕಟ್ಟು.

ಓದುವಾಗ ಒಂದು ಫೆಬ್ರವರಿಯಲ್ಲಿ ಅವನ ಮನೆಗೆ ಹೋಗಿದ್ದೆ. ಅಲಿ ಆಯೆ ಲಿಗಾಂಗ್ ಹಬ್ಬ. ಫಾಗುನ್ ತಿಂಗಳ ಮೊದಲ ಬುಧವಾರ ಬರುವ ಬಿತ್ತನೆಯ ಹಬ್ಬವದು. ನನಗೆ ನಮ್ಮ ಕೂರಿಗೆ ಪೂಜೆ ನೆನಪಾಯಿತು. ಎಲೆಯಲ್ಲಿ ಕಟ್ಟಿ ಬೇಯಿಸಿದ ಪುರಾಂಗ್ ಅನ್ನ, ಮನೆಯಲ್ಲೇ ಮಾಡಿದ ಅಪಾಂಗ್ ಎಂಬ ಅಕ್ಕಿ ಮದ್ಯ, ಸಂಜೆಯಿಡೀ ಗುಮ್ರಾಗ್ ಕುಣಿತ. ಹೆಣ್ಣುಮಕ್ಕಳು ಉಟ್ಟ ಬಟ್ಟೆಯೆಲ್ಲ ಅವರೇ ನೇಯ್ದದ್ದು.

ಆದರೆ ಎಂಜಿನಿಯರನ ಕಣ್ಣಿಗೆ ಬಿದ್ದದ್ದು ಮನೆ. ಅಸ್ಸಾಮಿಯಲ್ಲಿ ಚಾಂಗ್ ಘರ್ ಎನ್ನುತ್ತಾರೆ. ಕಂಬಗಳ ಮೇಲೆ ಆಳೆತ್ತರಕ್ಕೆ ಬಿದಿರಿನ ನೆಲ, ಹತ್ತಲು ಏಣಿ, ಉದ್ದನೆಯ ಒಂದೇ ಅಂಗಳದಂಥ ಕೋಣೆಯ ನಡುವೆ ಒಲೆ. ಕೆಳಗೆ ಮಗ್ಗ, ಹಂದಿ, ಕೋಳಿ, ಒಂದು ದೋಣಿ. ನೆರೆ ಬಂದರೆ ನೀರು ಮನೆಯ ಅಡಿಯಿಂದ ಹರಿದು ಹೋಗುತ್ತದೆ. ಕಳೆದ ನೆರೆ ಎಷ್ಟು ಏರಿತ್ತೋ ಅದಕ್ಕಿಂತ ಮೇಲೆ ಮುಂದಿನ ಮನೆಯ ನೆಲ. ದಂಡೆ ಕುಸಿದರೆ ಬಿದಿರು ಬಿಚ್ಚಿಕೊಂಡು ಬೇರೆಡೆ ಕಟ್ಟಬಹುದು.

ಇದನ್ನು ಹಾಡಿ ಹೊಗಳುವುದು ಸುಲಭ. ಗೆಳೆಯ ಅದಕ್ಕೂ ಬಿಡಲಿಲ್ಲ. ‘ಮಂಡಿ ನೋವಿನ ನನ್ನ ಅಮ್ಮ ದಿನಕ್ಕೆ ಎಷ್ಟು ಸಲ ಏಣಿ ಹತ್ತುತ್ತಾಳೆ ಗೊತ್ತಾ?’ ಎಂದ. ಬಿದಿರು ಕೆಲವೇ ವರ್ಷಕ್ಕೆ ಹುಳ ಹಿಡಿಯುತ್ತದೆ. ಮನೆಯನ್ನು ಎತ್ತಿಕೊಂಡು ಹೋಗಬಹುದು, ಗದ್ದೆಯನ್ನು? 1950ರ ಮಹಾಭೂಕಂಪದ ನಂತರ ನದಿಯ ತಳ ಮೇಲೇರಿ, ಕೊರೆತ ಹೆಚ್ಚಿ, ಮಾಜುಲಿ ವರ್ಷವರ್ಷವೂ ಸವೆಯುತ್ತಿದೆ. ಭೂಮಿ ಕಳೆದುಕೊಂಡವರು ನೆರೆ ತಡೆಯುವ ಒಡ್ಡಿನ ಮೇಲೇ ಗುಡಿಸಲು ಹಾಕಿದ್ದಾರೆ. ಓದಿದ, ಓದದ ಹುಡುಗರು ಊರು ಬಿಟ್ಟು ಬೆಂಗಳೂರು, ಚೆನ್ನೈ ಸೇರುತ್ತಿದ್ದಾರೆ.

ಹಾಗಾದರೆ ಪಕ್ಕಾ ಮನೆ ಬೇಡವೇ? ಬೇಕು. ಆದರೆ ನೆಲಕ್ಕಂಟಿದ ಇಟ್ಟಿಗೆ ಮನೆ ಅಲ್ಲಿ ಮೊದಲ ನೆರೆಗೇ ಕೆಸರಿನ ಗುಂಡಿ. ಈಗ ಅಲ್ಲಿ ಕೆಲವರು ಕಾಂಕ್ರೀಟ್ ಕಂಬ ಎಬ್ಬಿಸಿ, ಅದರ ಮೇಲೆ ಚಾಂಗ್ ಘರ್ ಕಟ್ಟಿಕೊಳ್ಳುತ್ತಿದ್ದಾರೆ. ವಸ್ತು ಹೊಸದು, ಲೆಕ್ಕ ಅಜ್ಜಂದಿರದು. ಸರ್ಕಾರದ ವಸತಿ ಯೋಜನೆಗಳು ಕಲಿಯಬೇಕಾದದ್ದು ಇದನ್ನೇ: ಊರಿಗೊಂದು ನಕ್ಷೆ ಇರಲಿ, ಬರೆಯುವ ಮುಂಚೆ ಅಲ್ಲಿ ಮಲಗುವವರನ್ನು ಕೇಳಿ.

ಇದು ಅಸ್ಸಾಮಿನ ಕಥೆ ಮಾತ್ರವಲ್ಲ. 2009ರ ನೆರೆಯ ನಂತರ ನಮ್ಮೂರಿನವರಿಗೂ ದೂರದ ದಿಬ್ಬದ ಮೇಲೆ ಸಾಲು ಮನೆ ಕಟ್ಟಿಕೊಟ್ಟರು. ಎತ್ತು ಕಟ್ಟಲು ಜಾಗವಿಲ್ಲ, ಮೇವಿನ ಬಣವೆಗೆ ಜಾಗವಿಲ್ಲ, ಹೊಲಕ್ಕೆ ಒಂದು ಗಂಟೆಯ ದಾರಿ. ಅಪ್ಪ ಹೋಗಲಿಲ್ಲ. ಅವರ ಹಟ ಎಂದುಕೊಂಡು ನಾನೂ ಫೋನಿನಲ್ಲಿ ಬೈದಿದ್ದೆ. ತಿಂಗಳ ಸಂಬಳ ಕಳಿಸುವ ನಮ್ಮಂಥ ಹೊರನಾಡಿನ ಮಕ್ಕಳು ಊರಿನವರಿಗೆ ಬುದ್ಧಿ ಹೇಳುವುದರಲ್ಲಿ ಮುಂದೆ, ಕೇಳುವುದರಲ್ಲಿ ಹಿಂದೆ.

ಈ ಸಲ ದೀಪಾವಳಿಗೆ ಹೋದಾಗ ಹೊಸ ಮನೆಯ ಮಾತು ಬಂತು. ನಾನು ಲ್ಯಾಪ್‌ಟಾಪ್‌ನಲ್ಲಿ ನಕ್ಷೆ ತೆರೆಯುವ ಮೊದಲು, ತಳಪಾಯ ಎಷ್ಟು ಎತ್ತರ ಇರಲಿ ಅಂತ ಕೇಳಿದೆ. ಅಪ್ಪ ಎದ್ದು ಹೋಗಿ ಹಳೇ ಗೋಡೆಯ ಮೇಲಿನ ನೀರಿನ ಕಲೆಗೆ ಕೈಯಿಟ್ಟರು. ‘ಇದರ ಮ್ಯಾಲ ಎರಡ ಗೇಣು. ಕೆಳಗ ದನಕ್ಕ ಜಾಗಾ ಬಿಡು’ ಅಂದರು.

ಮಾಜುಲಿಯಲ್ಲಿ ಕಂಡ ಲೆಕ್ಕವೇ ಅದು.