ಒತ್ತಕ್ಷರಕ್ಕೆ ಜಾಗವಿಲ್ಲದ ಮುಖಪುಟ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಯಲಹಂಕದ ನಮ್ಮ ಮನೆಗೆ ಬಂದು, ತನ್ನ ಮೊದಲ ಕವನ ಸಂಕಲನದ ಮುಖಪುಟವನ್ನು ಫೋನಿನಲ್ಲಿ ತೋರಿಸಿದ. ಕೃತಕ ಬುದ್ಧಿಮತ್ತೆ ಅರೆ ನಿಮಿಷದಲ್ಲಿ ಬರೆದುಕೊಟ್ಟದ್ದಂತೆ. ಬಣ್ಣಗಳೇನೋ ಹೇರಳ, ಆದರೆ ಶೀರ್ಷಿಕೆಯಲ್ಲಿದ್ದ ‘ಸ್ವಪ್ನ’ ಪದದ ಎರಡೂ ಒತ್ತುಗಳು ಮುರಿದು, ಯಾವ ಲಿಪಿಗೂ ಸೇರದ ಗೀಟುಗಳಾಗಿದ್ದವು. “ಯಾರು ಗಮನಿಸ್ತಾರೆ ಮೇಷ್ಟ್ರೇ?” ಎಂದ. ನಾನು ಗಮನಿಸಿದೆನಲ್ಲ!

ಅಚ್ಚುಮೊಳೆಯ ಕಾಲದಲ್ಲಿ ಕಲಾವಿದರು ಮುಖಪುಟವನ್ನು ಪುಸ್ತಕದ ಅಳತೆಗಿಂತ ದೊಡ್ಡದಾಗಿ, ಕುಂಚದಿಂದಲೋ ಉಕ್ಕಿನ ನಿಬ್ಬಿನಿಂದಲೋ ಇಂಡಿಯನ್ ಇಂಕಿನಲ್ಲಿ ಬರೆಯುತ್ತಿದ್ದರು. ಅದನ್ನು ಕುಗ್ಗಿಸಿ ಸತುವಿನ ಬ್ಲಾಕ್ ಮಾಡಿದಾಗ ಗೆರೆಯ ಸಣ್ಣ ನಡುಕ ಮರೆಯಾಗುತ್ತಿತ್ತು. ಬಣ್ಣಕ್ಕೊಂದು ಬ್ಲಾಕ್ ಬೇಕಾದ್ದರಿಂದ ಎರಡೇ ಬಣ್ಣದಲ್ಲಿ ಮುಗಿಸುವ ಜಾಣ್ಮೆಯೂ ಇತ್ತು. ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆಂದು ಬಲ್ಲ ಕೈ ಮೊದಲೇ ಜಾಗ ಬಿಡುತ್ತಿತ್ತು. ‘ಪ್ರಜಾವಾಣಿ’, ‘ಸುಧಾ’ಗಳಲ್ಲಿ ಚಂದ್ರನಾಥ ಆಚಾರ್ಯರ ರೇಖೆಗಳನ್ನು ನೋಡಿ ಬೆಳೆದವರಿಗೆ ಗೆರೆಯ ಬೆಲೆ ಗೊತ್ತು.

ಕಲಾವಿದರಿಗೆ ಕೊಡಲು ಹಣವಿಲ್ಲವೆಂಬ ಮಾತು ಇರಬಹುದು. ಹಾಗಾದರೆ ಒಂದು ಶೀಶೆ ಮಸಿ, ಒಂದು ಕುಂಚ ತಂದು ನೀವೇ ಬರೆಯಿರಿ. ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕೊಡಿ, ಬೇಡವೆನ್ನುವುದಿಲ್ಲ. ಕವಿತೆಗೆ ವರ್ಷಗಟ್ಟಲೆ ಕೊಟ್ಟವನು ಅದರ ಹೆಸರಿಗೆ ಒಂದು ಸಂಜೆ ಕೊಡಲಾರನೇ?

ತರಗತಿಯಲ್ಲಿ ಒತ್ತು ತಪ್ಪಿದವರಿಂದ ಹತ್ತು ಸಲ ಬರೆಸಿದವನು ನಾನು. ಮುಖಪುಟದ ತಪ್ಪಿಗೆ ಚಪ್ಪಾಳೆ ತಟ್ಟಲಾರೆ.